ಮನೆಯ ಆರ್ಕೇಡ್ ಪೆಟ್ಟಿಗೆಗೆ ಬದಲಿಸಬಲ್ಲ ಪ್ಯಾನೆಲ್‌ಗಳು: ಐ-ಪ್ಯಾಕ್ 2 ಬೋರ್ಡಿನ ವಿಮರ್ಶೆ

ನಾಣ್ಯ ಹಾಕಿ ಆಡುವ ಆರ್ಕೇಡ್ ಪೆಟ್ಟಿಗೆಯಲ್ಲಿ ಬಂದ 1980ರ ಪ್ಯಾಕ್-ಮ್ಯಾನ್ ಆಟಕ್ಕೆ ನಾಲ್ಕೇ ದಿಕ್ಕಿಗೆ ವಾಲುವ ಒಂದು ಜಾಯ್‌ಸ್ಟಿಕ್ ಸಾಕು, ಆಡಲು ಬಟನ್ ಒಂದೂ ಬೇಡ. ಅದಕ್ಕೂ ಒಂದು ವರ್ಷ ಮೊದಲು ಬಂದ ಆಸ್ಟರಾಯ್ಡ್ಸ್‌ನಲ್ಲಿ ಜಾಯ್‌ಸ್ಟಿಕ್ಕೇ ಇರಲಿಲ್ಲ. ಐದು ಬಟನ್‌ಗಳಲ್ಲೇ ಇಡೀ ಆಟ ನಡೆಯುತ್ತಿತ್ತು. ಮಿಸೈಲ್ ಕಮಾಂಡ್‌ಗೆ ಅಂಗೈಯಿಂದ ಉರುಳಿಸುವ ಚೆಂಡು, ಎಂದರೆ ಟ್ರ್ಯಾಕ್‌ಬಾಲ್ ಬೇಕು, 1981ರ ಟೆಂಪೆಸ್ಟ್‌ಗೆ ಗಿರಗಿರನೆ ತಿರುಗಿಸುವ ಗುಂಡಿ, ಎಂದರೆ ಸ್ಪಿನ್ನರ್ ಬೇಕು, 1982ರ ರೋಬೊಟ್ರಾನ್‌ಗೆ ಎರಡು ಕೈಗೂ ಒಂದೊಂದು ಜಾಯ್‌ಸ್ಟಿಕ್ ಬೇಕು, 1991ರ ಸ್ಟ್ರೀಟ್ ಫೈಟರ್ 2ಕ್ಕೆ ಒಬ್ಬೊಬ್ಬ ಆಟಗಾರನಿಗೂ ಎಂಟು ದಿಕ್ಕಿನ ಜಾಯ್‌ಸ್ಟಿಕ್ ಮತ್ತು ಆರು ಬಟನ್ ಬೇಕು. 1997ರಲ್ಲಿ ಮೇಮ್ ತಂತ್ರಾಂಶ ಬಂದ ಮೇಲೆ ಈ ಆಟಗಳನ್ನೆಲ್ಲ ಒಂದೇ ಕಂಪ್ಯೂಟರಿನಲ್ಲಿ ಓಡಿಸುವುದು ಸಾಧ್ಯವಾಯಿತು. ಆದರೆ ಈ ಎಲ್ಲ ಉಪಕರಣಗಳನ್ನೂ ಒಂದೇ ಹಲಗೆಯ ಮೇಲೆ ತುಂಬಲು ಹೊರಟರೆ ಹಲಗೆ ಪೆಟ್ಟಿಗೆಗಿಂತ ಅಗಲವಾಗುತ್ತದೆ, ಹೊಡೆದಾಟದ ಆಟ ಆಡುವಾಗ ಮಣಿಕಟ್ಟು ಟ್ರ್ಯಾಕ್‌ಬಾಲಿಗೆ ತಗಲುತ್ತದೆ, ಒಂದು ಆಟಕ್ಕೂ ಕೈ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಆಟಕ್ಕೆ ತಕ್ಕಂತೆ ಈ ಹಲಗೆಯನ್ನೇ, ಎಂದರೆ ಪ್ಯಾನೆಲ್ಲನ್ನೇ, ಬದಲಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಇದಕ್ಕೆ ಸರಿಯಾದ ಪರಿಹಾರ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಂಥ ವ್ಯವಸ್ಥೆಯನ್ನು ಯೋಜಿಸುವಾಗ ಹೆಚ್ಚಿನವರ ಗಮನ ಮರದ ಮೇಲೆ, ಚಿಲಕದ ಮೇಲೆ, ಬಟನ್ನಿನ ಬಣ್ಣದ ಮೇಲೆ ಹೋಗುತ್ತದೆ. ನಿಜವಾದ ಪ್ರಶ್ನೆಗಳು ಬೇರೆ ಎರಡಿವೆ. ಪೆಟ್ಟಿಗೆಗೂ ಪ್ಯಾನೆಲ್ಲಿಗೂ ನಡುವೆ ವೈರನ್ನು ಯಾವ ಜಾಗದಲ್ಲಿ ಕತ್ತರಿಸಿ ಕನೆಕ್ಟರ್ ಹಾಕಬೇಕು, ಮತ್ತು ಪ್ಯಾನೆಲ್ ಎಷ್ಟು ಸಲ ಬದಲಾದರೂ ಕಂಪ್ಯೂಟರ್ ಅದನ್ನು ಪ್ರತಿ ಸಲವೂ ಒಂದೇ ರೀತಿಯಲ್ಲಿ ಗುರುತಿಸುವಂತೆ ಹೇಗೆ ಮಾಡಬೇಕು ಎಂಬುವು ಅವು. ಬ್ರಿಟನ್ನಿನ ಅಲ್ಟಿಮಾರ್ಕ್ ಸಂಸ್ಥೆಯ ಐ-ಪ್ಯಾಕ್ 2 ಎಂಬ ಎನ್‌ಕೋಡರ್ ಬೋರ್ಡನ್ನು (ಬಟನ್ನಿನ ಒತ್ತನ್ನು ಕಂಪ್ಯೂಟರಿಗೆ ತಿಳಿಯುವ ಸಂಕೇತವಾಗಿಸುವ ಫಲಕವನ್ನು) ನಾನು ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಪರಿಶೀಲಿಸಿದ್ದೇನೆ. ಬೋರ್ಡಿನ ಸಾಮಾನ್ಯ ಗುಣಗಳ ಬಗ್ಗೆ ಬೇಕಾದಷ್ಟು ಮಾತು ಈಗಾಗಲೇ ಬಂದಿರುವುದರಿಂದ, ಬದಲಿಸುವ ಪ್ಯಾನೆಲ್‌ಗಳಿಗೆ ಅದು ಎಷ್ಟು ಒಗ್ಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಐ-ಪ್ಯಾಕ್ 2 ಮಾಡುವ ಕೆಲಸ ಸರಳವಾದದ್ದು. ಜಾಯ್‌ಸ್ಟಿಕ್ ಮತ್ತು ಬಟನ್‌ಗಳ ಮೈಕ್ರೋಸ್ವಿಚ್‌ಗಳಿಂದ ಬರುವ ವೈರ್‌ಗಳನ್ನು ಅದರ ಸ್ಕ್ರೂ ಟರ್ಮಿನಲ್‌ಗಳಿಗೆ ಬಿಗಿದರೆ, ಅದು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ತನ್ನನ್ನು ಒಂದು ಕೀಬೋರ್ಡ್ ಎಂದು ಪರಿಚಯಿಸಿಕೊಳ್ಳುತ್ತದೆ. ಅದರಲ್ಲಿ 32 ಇನ್‌ಪುಟ್‌ಗಳಿವೆ, ಪ್ರತಿ ಇನ್‌ಪುಟ್ಟಿಗೂ ತನ್ನದೇ ಆದ ಪಿನ್ ಇದೆ. ಹಳೆಯ ಕೀಬೋರ್ಡನ್ನು ಬಿಚ್ಚಿ ಅದರ ಒಳಗಿನ ಬೋರ್ಡಿಗೆ ಬಟನ್‌ಗಳನ್ನು ಬೆಸುಗೆ ಹಾಕುತ್ತಿದ್ದ ಕಾಲದಲ್ಲಿ ಒಂದು ದೊಡ್ಡ ತೊಂದರೆಯಿತ್ತು. ಕೀಬೋರ್ಡಿನ ಕೀಲಿಗಳು ಅಡ್ಡಸಾಲು ಮತ್ತು ಉದ್ದಸಾಲುಗಳ ಜಾಲದಲ್ಲಿ ಸೇರಿರುವುದರಿಂದ, ಮೂರು ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿ ಒತ್ತಿದಂತೆ ಕಾಣುತ್ತಿತ್ತು, ಇಲ್ಲವೇ ಒತ್ತಿದ ಕೀಲಿ ಕಾಣೆಯಾಗುತ್ತಿತ್ತು. ಇಬ್ಬರು ಆಟಗಾರರು ಏಕಕಾಲಕ್ಕೆ ಆರು ಬಟನ್‌ಗಳ ಮೇಲೆ ಕೈಯಾಡಿಸುವಾಗ ಇದು ಆಟವನ್ನೇ ಕೆಡಿಸುತ್ತದೆ. ಐ-ಪ್ಯಾಕ್‌ನಲ್ಲಿ ಅಂಥ ಜಾಲ ಇಲ್ಲದ್ದರಿಂದ ಈ ತೊಂದರೆ ಹುಟ್ಟುವುದೇ ಇಲ್ಲ.

ಕಾರ್ಖಾನೆಯಿಂದ ಬರುವಾಗಲೇ ಬೋರ್ಡಿನ ಕೀಲಿಗಳು ಮೇಮ್‌ನ ಮೂಲ ಹೊಂದಾಣಿಕೆಗೆ ಸರಿಹೊಂದಿರುತ್ತವೆ. ಮೊದಲ ಆಟಗಾರನ ಜಾಯ್‌ಸ್ಟಿಕ್ ಬಾಣದ ಕೀಲಿಗಳಾಗುತ್ತದೆ, ಮೊದಲ ಮೂರು ಬಟನ್‌ಗಳು ಎಡ ಕಂಟ್ರೋಲ್, ಎಡ ಆಲ್ಟ್ ಮತ್ತು ಸ್ಪೇಸ್ ಆಗುತ್ತವೆ, ನಾಣ್ಯದ ಬಟನ್ 5 ಆಗುತ್ತದೆ, ಆಟ ಶುರು ಮಾಡುವ ಬಟನ್ 1 ಆಗುತ್ತದೆ. ವೈರ್ ಬಿಗಿದು ಕೇಬಲ್ ಚುಚ್ಚಿದರೆ ಆಡಲು ಕೂರಬಹುದು.

ಬದಲಿಸುವ ಪ್ಯಾನೆಲ್‌ಗಳ ದೃಷ್ಟಿಯಿಂದ ಈ ಕೀಬೋರ್ಡ್ ಗುಣವೇ ಐ-ಪ್ಯಾಕ್‌ನ ದೊಡ್ಡ ಬಲ. ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ, ‘ಝೀರೋ ಡಿಲೇ’ ಎಂಬ ಹೆಸರಿನ ಯುಎಸ್‌ಬಿ ಬೋರ್ಡ್‌ಗಳು ಕಂಪ್ಯೂಟರಿಗೆ ಗೇಮ್ ಕಂಟ್ರೋಲರ್ ಆಗಿ ಕಾಣಿಸುತ್ತವೆ. ಒಂದೇ ಬಗೆಯ ಎರಡು ಬೋರ್ಡ್‌ಗಳನ್ನು ಜೋಡಿಸಿದಾಗ ಎರಡಕ್ಕೂ ಒಂದೇ ಗುರುತು ಇರುವುದರಿಂದ, ಯಾವುದು ಮೊದಲು ಪತ್ತೆಯಾಗುತ್ತದೋ ಅದು ಮೊದಲ ಆಟಗಾರನದ್ದಾಗುತ್ತದೆ. ಪ್ಯಾನೆಲ್ ಬಿಚ್ಚಿ ಮತ್ತೊಂದನ್ನು ಹಾಕಿದಾಗ, ಅಥವಾ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಾಗ, ಎಡಗಡೆಯವರ ಜಾಯ್‌ಸ್ಟಿಕ್ ಬಲಗಡೆಯವರ ಪಾತ್ರವನ್ನು ಓಡಿಸುವ ಸಾಧ್ಯತೆ ಇದ್ದೇ ಇದೆ. ಒಂದೇ ಪ್ಯಾನೆಲ್ ಕಾಯಂ ಆಗಿರುವ ಪೆಟ್ಟಿಗೆಯಲ್ಲಿ ಇದು ಅಪರೂಪಕ್ಕೊಮ್ಮೆ ಕಾಡುವ ಕಿರಿಕಿರಿ; ವಾರವಾರವೂ ಪ್ಯಾನೆಲ್ ಬದಲಾಗುವ ಪೆಟ್ಟಿಗೆಯಲ್ಲಿ ಇದು ದಿನನಿತ್ಯದ ಗೋಳು. ಕೀಬೋರ್ಡಿನಲ್ಲಿ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬ ಕ್ರಮಸಂಖ್ಯೆಯ ಪ್ರಶ್ನೆಯೇ ಬರುವುದಿಲ್ಲ. ‘ಎಡ ಕಂಟ್ರೋಲ್’ ಯಾವ ಪೋರ್ಟಿನಿಂದ ಬಂದರೂ ‘ಎಡ ಕಂಟ್ರೋಲ್’ ಆಗಿಯೇ ಇರುತ್ತದೆ, ಆದ್ದರಿಂದ ಮೊದಲ ಆಟಗಾರನ ಮೊದಲ ಬಟನ್ ಯಾವತ್ತೂ ಅವನದ್ದೇ.

ಇನ್ನು ವೈರನ್ನು ಎಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆ. ಪ್ರತಿ ಪ್ಯಾನೆಲ್ಲಿಗೂ ಒಂದೊಂದು ಎನ್‌ಕೋಡರ್ ಕೂರಿಸಿ ಯುಎಸ್‌ಬಿ ಕೇಬಲ್ ಮಾತ್ರ ಹೊರಗೆ ತರುವುದು ಒಂದು ದಾರಿ. ಎನ್‌ಕೋಡರನ್ನು ಪೆಟ್ಟಿಗೆಯಲ್ಲೇ ಉಳಿಸಿ, ಹಲವು ಪಿನ್‌ಗಳ ಕನೆಕ್ಟರ್ ಮೂಲಕ ಬರೀ ಸ್ವಿಚ್‌ಗಳಿರುವ ಪ್ಯಾನೆಲ್ಲನ್ನು ಜೋಡಿಸುವುದು ಇನ್ನೊಂದು ದಾರಿ. ಐ-ಪ್ಯಾಕ್ ಕೊಳ್ಳುವವರಿಗೆ ನಾನು ಎರಡನೆಯ ದಾರಿಯನ್ನೇ ಸೂಚಿಸುತ್ತೇನೆ. ಬೋರ್ಡ್ ಒಂದೇ ಸಾಕಾಗುತ್ತದೆ ಎಂಬುದು ಇದರ ಮೊದಲ ಲಾಭ. ಪ್ಯಾನೆಲ್ಲಿನಲ್ಲಿ ಮರ, ಸ್ವಿಚ್ ಮತ್ತು ವೈರ್ ಬಿಟ್ಟು ಇನ್ನೇನೂ ಇರದ ಕಾರಣ ಮೂರನೆಯ, ನಾಲ್ಕನೆಯ ಪ್ಯಾನೆಲ್ ಮಾಡಲು ಕೈ ಹಿಂದೆಗೆಯುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಲಾಭ.

ಲೆಕ್ಕವನ್ನು ಬಿಡಿಸಿ ನೋಡೋಣ. ಅತಿ ಹೆಚ್ಚು ವೈರ್ ಬೇಡುವುದು ಇಬ್ಬರು ಆಡುವ ಹೊಡೆದಾಟದ ಪ್ಯಾನೆಲ್: ತಲಾ ನಾಲ್ಕು ದಿಕ್ಕು, ತಲಾ ಆರು ಬಟನ್, ಒಟ್ಟು 20 ಸ್ವಿಚ್. ಆಟ ಶುರು ಮಾಡುವ ಎರಡು ಬಟನ್, ನಾಣ್ಯದ ಎರಡು ಬಟನ್ ಎಲ್ಲ ಪ್ಯಾನೆಲ್‌ಗಳಿಗೂ ಸಮಾನವಾದವು. ಅವನ್ನು ಪ್ಯಾನೆಲ್ಲಿನ ಮೇಲೆ ಇಡಲೇಬಾರದು. ಪೆಟ್ಟಿಗೆಯ ಮುಂಭಾಗದ ಚೌಕಟ್ಟಿನಲ್ಲಿ ಅವನ್ನು ಕಾಯಂ ಆಗಿ ಕೂರಿಸಿ, ನೇರವಾಗಿ ಐ-ಪ್ಯಾಕ್‌ಗೆ ವೈರ್ ಎಳೆಯಬೇಕು. ಆಗ ಪ್ಯಾನೆಲ್ಲಿನ ಕನೆಕ್ಟರಿಗೆ 20 ಸ್ವಿಚ್ ವೈರ್ ಮತ್ತು ಎಲ್ಲ ಸ್ವಿಚ್‌ಗಳಿಗೂ ಸಮಾನವಾದ ಒಂದು ಗ್ರೌಂಡ್ ವೈರ್ ಸೇರಿ 21 ಪಿನ್ ಸಾಕಾಗುತ್ತದೆ, ಎಂದರೆ ಹಳೆಯ ಕಂಪ್ಯೂಟರ್‌ಗಳಲ್ಲಿ ಪ್ರಿಂಟರ್ ಜೋಡಿಸಲು ಇರುತ್ತಿದ್ದ 25 ಪಿನ್ನಿನ ಡಿ ಆಕಾರದ ಕನೆಕ್ಟರಿನೊಳಗೆ ಎಲ್ಲವೂ ಹಿಡಿಯುತ್ತದೆ. ಉಳಿಯುವ ನಾಲ್ಕು ಪಿನ್‌ಗಳಲ್ಲಿ ಒಂದನ್ನು ಎರಡನೆಯ ಗ್ರೌಂಡ್ ಮಾಡಬೇಕು. ಸ್ವಿಚ್‌ಗಳೆಲ್ಲ ಒಂದೇ ಗ್ರೌಂಡ್ ವೈರನ್ನು ಸರಣಿಯಾಗಿ ಹಂಚಿಕೊಳ್ಳುವುದರಿಂದ, ಆ ಒಂದು ವೈರ್ ಕಡಿದರೆ ಇಡೀ ಪ್ಯಾನೆಲ್ ಸ್ತಬ್ಧವಾಗುತ್ತದೆ. ಮಿಕ್ಕ ಮೂರು ಪಿನ್‌ಗಳನ್ನು ಐ-ಪ್ಯಾಕ್‌ನ ಖಾಲಿ ಇನ್‌ಪುಟ್‌ಗಳಿಗೆ ಈಗಲೇ ಜೋಡಿಸಿಡಬೇಕು.

ಖಾಲಿ ಪಿನ್ ಉಳಿಸುವುದರ ಬೆಲೆಯನ್ನು ಆರ್ಕೇಡ್ ಉದ್ಯಮದ ಚರಿತ್ರೆಯೇ ಹೇಳುತ್ತದೆ. ಆಟದ ಬೋರ್ಡನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸುಲಭವಾಗಿ ಬದಲಿಸಲೆಂದು 1985ರಲ್ಲಿ ಜಪಾನಿನ ತಯಾರಕರು ಜಾಮಾ ಎಂಬ 56 ಪಿನ್ನಿನ ಮಾನಕವನ್ನು ತಂದರು. ಅದರಲ್ಲಿ ಒಬ್ಬ ಆಟಗಾರನಿಗೆ ಒಂದು ಜಾಯ್‌ಸ್ಟಿಕ್ ಮತ್ತು ಮೂರು ಬಟನ್‌ಗಳಿಗೆ ಜಾಗವಿತ್ತು. ಆರು ಬಟನ್ನಿನ ಸ್ಟ್ರೀಟ್ ಫೈಟರ್ 2 ಬಂದಾಗ ಉಳಿದ ಬಟನ್‌ಗಳಿಗಾಗಿ ‘ಕಿಕ್ ಹಾರ್ನೆಸ್’ ಎಂಬ ಬೇರೆಯೇ ವೈರ್ ಕಟ್ಟನ್ನು ಬೋರ್ಡಿನ ಇನ್ನೊಂದು ಮೂಲೆಗೆ ಎಳೆಯಬೇಕಾಯಿತು. ಪ್ಯಾನೆಲ್ ಬದಲಿಸುವ ಯೋಚನೆಯೂ ಹೊಸದಲ್ಲ: ಸೆಗಾ ಸಂಸ್ಥೆಯ 1993ರ ಆಸ್ಟ್ರೋ ಸಿಟಿ ಪೆಟ್ಟಿಗೆಗಳಲ್ಲಿ ಲೋಹದ ಪ್ಯಾನೆಲ್ಲನ್ನು ತೆಗೆದು, ಕನೆಕ್ಟರ್ ಕಳಚಿ, ಬೇಕೆಂದರೆ ಮಾಜಾಂಗ್ ಆಟದ ಪ್ಯಾನೆಲ್ಲನ್ನು ಕೂರಿಸಬಹುದಿತ್ತು. ಮನೆಯಲ್ಲಿ ಕಟ್ಟುವವರು ಅನುಸರಿಸಬೇಕಾದ ಮಾದರಿ ಅದೇ.

25 ಪಿನ್ನಿನ ಕನೆಕ್ಟರ್ ಮತ್ತು ಕೇಬಲ್ ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಬೇಕು. ಕೇಬಲ್ ಕೊಳ್ಳುವಾಗ ಎಚ್ಚರ ಅಗತ್ಯ. ಪ್ರಿಂಟರ್ ಕೇಬಲ್‌ಗಳಲ್ಲಿ ಗ್ರೌಂಡ್ ಪಿನ್‌ಗಳನ್ನು ಒಳಗೇ ಒಂದಕ್ಕೊಂದು ಸೇರಿಸಿರುವುದುಂಟು, ಸೀರಿಯಲ್ ಕೇಬಲ್‌ಗಳಲ್ಲಿ ಕೆಲವೇ ಪಿನ್‌ಗಳಿಗೆ ವೈರ್ ಇರುವುದುಂಟು. ಎರಡೂ ತುದಿಯ 25 ಪಿನ್‌ಗಳು ಒಂದಕ್ಕೊಂದು ಪ್ರತ್ಯೇಕವಾಗಿ, ನೇರವಾಗಿ ಸೇರಿವೆಯೇ ಎಂದು ಮಲ್ಟಿಮೀಟರಿನ ಬೀಪ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಯಾವ ಕೇಬಲ್ಲನ್ನೂ ಬಳಸಬಾರದು. ಪೆಟ್ಟಿಗೆಯ ಕಡೆಯ ಕೇಬಲ್ ಸ್ವಲ್ಪ ಉದ್ದವಿರಲಿ. ಪ್ಯಾನೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕನೆಕ್ಟರ್ ಜೋಡಿಸಿ, ಆಮೇಲೆ ಅದನ್ನು ಜಾಗದಲ್ಲಿ ಕೂರಿಸುವಷ್ಟು ಸಡಿಲ ಬೇಕು. ಈ ಕನೆಕ್ಟರಿನಲ್ಲಿ ಸ್ವಿಚ್ ಸಂಕೇತಗಳು ಮತ್ತು ಗ್ರೌಂಡ್ ಮಾತ್ರ ಹರಿಯುವುದರಿಂದ, ದೀಪವಿರುವ ಬಟನ್‌ಗಳಿಗೆ 5 ವೋಲ್ಟ್ ಹಾಯಿಸುವ ಆಸೆಯನ್ನು ಇಲ್ಲಿ ಬಿಟ್ಟುಬಿಡುವುದು ಒಳ್ಳೆಯದು.

ನಾಲ್ಕು ದಿಕ್ಕಿನ ಪ್ಯಾನೆಲ್ಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ಇದನ್ನು ಅನಾವಶ್ಯಕ ಎಂದು ಕೈಬಿಡುವವರೇ ಹೆಚ್ಚು. ಎಂಟು ದಿಕ್ಕಿನ ಜಾಯ್‌ಸ್ಟಿಕ್ಕಿನಲ್ಲಿ ಪ್ಯಾಕ್-ಮ್ಯಾನ್ ಆಡಿದಾಗ, ತಿರುವಿನಲ್ಲಿ ಕೋಲು ಮೂಲೆಗೆ ಹೋಗಿ ಎರಡು ಸ್ವಿಚ್‌ಗಳು ಒಟ್ಟಿಗೆ ಒತ್ತುತ್ತವೆ. ಆಟಕ್ಕೆ ಒಂದೇ ದಿಕ್ಕು ಬೇಕು; ನಾವು ಬಯಸಿದ ದಿಕ್ಕು ಸಿಗದೆ ಪ್ಯಾಕ್-ಮ್ಯಾನ್ ನೇರ ಭೂತದ ಬಾಯಿಗೆ ನಡೆಯುತ್ತಾನೆ. 1981ರ ಡಾಂಕಿ ಕಾಂಗ್‌ನಲ್ಲಿ ಏಣಿ ಹತ್ತುವಾಗಲೂ ಇದೇ ಪಾಡು. ಜಪಾನಿನ ಸಾನ್ವಾ ಸಂಸ್ಥೆಯ ಜೆಎಲ್‌ಎಫ್ ಜಾಯ್‌ಸ್ಟಿಕ್ಕಿನ ಕೆಳಗಿರುವ ಚೌಕ ತಡೆಯನ್ನು ಹೊಂದಿಸಿ ಅದನ್ನು ನಾಲ್ಕು ದಿಕ್ಕಿಗೆ ಮಿತಿಗೊಳಿಸಬಹುದು, ಆದರೆ ಪ್ರತಿ ಆಟಕ್ಕೂ ಪ್ಯಾನೆಲ್ಲಿನ ಅಡಿಗೆ ಕೈ ಹಾಕಿ ಅದನ್ನು ಬದಲಿಸುತ್ತ ಕೂರುವವರು ಯಾರೂ ಇಲ್ಲ. ನಡುಮಧ್ಯದಲ್ಲಿ ನಾಲ್ಕು ದಿಕ್ಕಿಗೇ ಹೊಂದಿಸಿದ ಒಂದು ಜಾಯ್‌ಸ್ಟಿಕ್, ಅದರ ಎಡಕ್ಕೂ ಬಲಕ್ಕೂ ಒಂದೊಂದು ಬಟನ್ ಇರುವ ಪ್ಯಾನೆಲ್ ಮಾಡಿದರೆ, ಎಡಗೈ ಬಲಗೈ ಎರಡೂ ರೂಢಿಯವರು ಆಡಬಹುದು. ಇದಕ್ಕೆ ಕನೆಕ್ಟರಿನ ಆರೇಳು ಪಿನ್‌ಗಳಷ್ಟೇ ಬೇಕು. 1982ರ ಕ್ಯೂಬರ್ಟ್‌ನಲ್ಲಿ ಜಾಯ್‌ಸ್ಟಿಕ್ಕನ್ನು 45 ಡಿಗ್ರಿ ಓರೆಯಾಗಿ ಕೂರಿಸಿದ್ದರು. ಜಾಯ್‌ಸ್ಟಿಕ್ಕನ್ನು ಒಂದು ದುಂಡನೆಯ ತಟ್ಟೆಗೆ ಬಿಗಿದು, ಆ ತಟ್ಟೆ ತಿರುಗುವಂತೆ ಮಾಡಿದರೆ ಅದೇ ಪ್ಯಾನೆಲ್ ಈ ಆಟಕ್ಕೂ ಆಗುತ್ತದೆ.

ರೋಬೊಟ್ರಾನ್‌ನ ಜೋಡಿ ಜಾಯ್‌ಸ್ಟಿಕ್ ಪ್ಯಾನೆಲ್ಲಿನಲ್ಲಿ ವೈರ್ ಹೊಸದೇನೂ ಬೇಡ. ಇಬ್ಬರು ಆಟಗಾರರ ದಿಕ್ಕಿನ ಪಿನ್‌ಗಳನ್ನೇ ಎಡಗೈಗೆ ಮತ್ತು ಬಲಗೈಗೆ ಹಂಚಿದರೆ ಆಯಿತು. ಆದರೆ ಮೇಮ್ ಈ ಆಟಕ್ಕೆ ಬಾಣದ ಕೀಲಿಗಳನ್ನು ಕಾಯುವುದಿಲ್ಲ. ಎಡ ಜಾಯ್‌ಸ್ಟಿಕ್ಕಿಗೆ ಇ, ಡಿ, ಎಸ್, ಎಫ್ ಕೀಲಿಗಳನ್ನೂ ಬಲ ಜಾಯ್‌ಸ್ಟಿಕ್ಕಿಗೆ ಐ, ಕೆ, ಜೆ, ಎಲ್ ಕೀಲಿಗಳನ್ನೂ ಇಟ್ಟುಕೊಂಡಿದೆ. ಐ-ಪ್ಯಾಕ್‌ನ ಕೀಲಿಗಳನ್ನು ಇದಕ್ಕಾಗಿ ತಿದ್ದುವ ಅಗತ್ಯವಿಲ್ಲ. ಮೇಮ್‌ನಲ್ಲಿ ‘ಕಂಟ್ರೋಲರ್’ ಫೈಲ್‌ಗಳೆಂಬ ಸೌಲಭ್ಯವಿದ್ದು, ಯಾವ ಆಟದಲ್ಲಿ ಯಾವ ಕೀಲಿ ಯಾವ ಕೆಲಸ ಮಾಡಬೇಕೆಂದು ಬರೆದ ಫೈಲನ್ನು ಪ್ಯಾನೆಲ್ಲಿಗೆ ಒಂದರಂತೆ ಇಟ್ಟುಕೊಳ್ಳಬಹುದು. ಬೋರ್ಡ್ ಬದಲಾಗದೆ ಇದ್ದು, ಹೊಂದಾಣಿಕೆಯೆಲ್ಲ ಈ ಫೈಲ್‌ಗಳಲ್ಲಿ ಉಳಿಯುವುದು ನನ್ನ ಮಟ್ಟಿಗೆ ಅತ್ಯಂತ ನೆಮ್ಮದಿಯ ವ್ಯವಸ್ಥೆ.

ಟ್ರ್ಯಾಕ್‌ಬಾಲ್ ಮತ್ತು ಸ್ಪಿನ್ನರ್ ವಿಷಯದಲ್ಲಿ ಐ-ಪ್ಯಾಕ್ 2 ನೆರವಿಗೆ ಬರುವುದಿಲ್ಲ, ಅವುಗಳಿಗೆ ಬೇಕಾದ ಇನ್‌ಪುಟ್ ಅದರಲ್ಲಿಲ್ಲ. ಅದೇ ಸಂಸ್ಥೆಯ ಮಿನಿ-ಪ್ಯಾಕ್ ಬೋರ್ಡಿನಲ್ಲಿ ಆ ಅನುಕೂಲವಿದೆ. ಆದರೆ ಬದಲಿಸುವ ಪ್ಯಾನೆಲ್‌ಗಳಿಗೆ ನಾನು ಬೇರೆ ಕ್ರಮವನ್ನು ಒಪ್ಪುತ್ತೇನೆ: ತನ್ನದೇ ಯುಎಸ್‌ಬಿ ಇರುವ ಟ್ರ್ಯಾಕ್‌ಬಾಲ್ ಮತ್ತು ಸ್ಪಿನ್ನರ್ ಕೊಂಡು, ಆ ಪ್ಯಾನೆಲ್ಲಿನಿಂದ 25 ಪಿನ್ನಿನ ಕನೆಕ್ಟರಿನ ಜೊತೆಗೆ ಯುಎಸ್‌ಬಿ ಕೇಬಲ್ಲನ್ನೂ ತರುವುದು. ಮಿಸೈಲ್ ಕಮಾಂಡ್‌ನ ಮೂರು ಬಟನ್‌ಗಳು, ಸೆಂಟಿಪೀಡ್‌ನ ಒಂದು ಬಟನ್ ಎಂದಿನಂತೆ ಐ-ಪ್ಯಾಕ್ ಮೂಲಕವೇ ಹೋಗುತ್ತವೆ. ಇಂಥ ಸಾಧನಗಳು ಕಂಪ್ಯೂಟರಿಗೆ ಮೌಸ್ ಆಗಿ ಕಾಣುವುದರಿಂದ ಮೇಮ್‌ನ ಸೆಟ್ಟಿಂಗ್‌ಗಳಲ್ಲಿ ಮೌಸ್ ಆಯ್ಕೆಯನ್ನು ಚಾಲೂ ಮಾಡಿರಬೇಕು.

ಬಟನ್‌ಗಳನ್ನು ಆರಿಸುವ ಮೊದಲು ಹಲಗೆಯ ದಪ್ಪವನ್ನು ನಿರ್ಧರಿಸಬೇಕು. ಸಾನ್ವಾದ 30 ಮಿಲಿಮೀಟರ್ ಬಟನ್‌ಗಳು ತೆಳು ಲೋಹದ ಪ್ಯಾನೆಲ್ಲಿಗೆಂದು ಮಾಡಿದವು. ಅವುಗಳ ಕೊಕ್ಕೆ 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಕಚ್ಚಿಕೊಳ್ಳುವುದಿಲ್ಲ, ಜೆಎಲ್‌ಎಫ್‌ನ ಕೋಲೂ ಅಷ್ಟು ದಪ್ಪದ ಮರದಿಂದ ಸಾಕಷ್ಟು ಮೇಲೆ ಬರುವುದಿಲ್ಲ. ದಪ್ಪ ಮರವೇ ಬೇಕೆಂದರೆ ಸುಮಾರು 28 ಮಿಲಿಮೀಟರ್ ರಂಧ್ರಕ್ಕೆ ಕೂರುವ, ಉದ್ದ ಮೈಯ ಅಮೆರಿಕನ್ ಮಾದರಿಯ ಬಟನ್‌ಗಳು ಸೂಕ್ತ. ಜಪಾನಿ ಬಿಡಿಭಾಗಗಳೇ ಇಷ್ಟವಾದರೆ ಪ್ಲೈವುಡ್ಡಿನ ಅಡಿಯಲ್ಲಿ ಮರ ಕೊರೆಯುವ ರೂಟರ್ ಯಂತ್ರದಿಂದ ಹೊಂಡ ತೆಗೆಯಬೇಕು, ಇಲ್ಲವೇ ಲೇಸರ್ ಕಟಿಂಗ್ ಮಾಡುವವರಲ್ಲಿ ಲೋಹದ ತಗಡನ್ನು ಕತ್ತರಿಸಿಕೊಳ್ಳಬೇಕು. ವೈರಿನ ತುದಿಗೆ ಹಾಕುವ ಥಿಂಬಲ್‌ಗಳ ಅಳತೆಯೂ ಬೇರೆ: ಜಪಾನಿ ಬಟನ್‌ಗಳಿಗೆ 2.8 ಮಿಲಿಮೀಟರ್, ಅಮೆರಿಕನ್ ಮಾದರಿಗೆ 4.8 ಮಿಲಿಮೀಟರ್. ಎಂಡಿಎಫ್ ಹಲಗೆ ಕೊರೆಯಲು ಹಿತವಾದರೂ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವಕ್ಕೆ ಅಂಚುಗಳಲ್ಲಿ ಉಬ್ಬುತ್ತದೆ. ಮತ್ತೆ ಮತ್ತೆ ತೆಗೆದು ಕೂರಿಸುವ ಪ್ಯಾನೆಲ್ಲಿಗೆ ಒಂದೆರಡು ಮಿಲಿಮೀಟರ್ ಉಬ್ಬಿದರೂ ಕಷ್ಟ. ಆದ್ದರಿಂದ ಮರೈನ್ ಪ್ಲೈವುಡ್ ಬಳಸಿ, ನಾಲ್ಕು ಅಂಚಿಗೂ ಬಣ್ಣ ಅಥವಾ ಮೈಕಾ ಹಚ್ಚುವುದು ಕ್ಷೇಮ.

ಪ್ಯಾನೆಲ್ ಬಿಗಿಯಲು ಹಿಂಭಾಗದಲ್ಲಿ ಎರಡು ಗೂಟ, ಮುಂಭಾಗದ ಒಳಬದಿಯಲ್ಲಿ ಎಳೆದು ಬಿಗಿಯುವ ಎರಡು ಟಾಗಲ್ ಲ್ಯಾಚ್ ಸಾಕು. ಹೊಡೆದಾಟದ ಆಟದಲ್ಲಿ ಪ್ಯಾನೆಲ್ಲಿಗೆ ಬೀಳುವ ಏಟು ಸಣ್ಣದಲ್ಲ. ಆಯಸ್ಕಾಂತದ ಹಿಡಿತ ಅದಕ್ಕೆ ತಡೆಯುವುದಿಲ್ಲ.

ಐ-ಪ್ಯಾಕ್ 2ರಲ್ಲಿ ಕೊರತೆಗಳಿಲ್ಲ ಎಂದಲ್ಲ. ಭಾರತಕ್ಕೆ ತರಿಸಿಕೊಳ್ಳುವಾಗ ಸಾಗಣೆ ವೆಚ್ಚ ಮತ್ತು ಸುಂಕ ಸೇರಿ ಅದರ ಬೆಲೆ ಝೀರೋ ಡಿಲೇ ಬೋರ್ಡಿನ ಹಲವು ಪಟ್ಟು ಆಗುತ್ತದೆ. ಕೀಲಿಗಳನ್ನು ಬದಲಿಸಲು ಸಂಸ್ಥೆ ಕೊಡುವ ವಿನ್‌ಐಪ್ಯಾಕ್ ತಂತ್ರಾಂಶ ವಿಂಡೋಸ್‌ಗೆಂದು ಮಾಡಿದ್ದು, ಹೀಗಾಗಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಪೆಟ್ಟಿಗೆ ನಡೆಸುವವರು ಹೊಂದಾಣಿಕೆಗೆ ಒಮ್ಮೆ ಬೇರೆ ಕಂಪ್ಯೂಟರನ್ನು ಆಶ್ರಯಿಸುವುದು ಸುಲಭ. ಒಮ್ಮೆ ಮಾಡಿದ ಹೊಂದಾಣಿಕೆ ಬೋರ್ಡಿನಲ್ಲೇ ಉಳಿಯುತ್ತದೆ ಎಂಬುದು ಸಮಾಧಾನ. ಮೊದಲ ಆಟಗಾರನ ಸ್ಟಾರ್ಟ್ ಬಟನ್ ಶಿಫ್ಟ್ ಕೀಲಿಯಂತೆ ಕೆಲಸ ಮಾಡುವ ಸೌಲಭ್ಯವೂ ಎರಡು ಅಲಗಿನದು. ಎರಡೂ ಸ್ಟಾರ್ಟ್ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ ಆಟದಿಂದ ಹೊರಬರುವ ಕೀಲಿ ಹೋಗುತ್ತದೆ. ಬಟನ್‌ಗಳ ಸಂಖ್ಯೆ ಕಡಿಮೆ ಮಾಡಲು ಇದು ಬಹಳ ಉಪಯುಕ್ತ, ಆದರೆ ಮಕ್ಕಳು ಆಡುವ ಮನೆಯಲ್ಲಿ ಇದನ್ನು ನಿಷ್ಕ್ರಿಯಗೊಳಿಸಿ, ಹೊರಬರಲು ಪೆಟ್ಟಿಗೆಯ ಪಕ್ಕದಲ್ಲಿ ಕಣ್ಣಿಗೆ ಬೀಳದ ಒಂದು ಬಟನ್ ಇಡುವುದು ವಾಸಿ. ಇನ್‌ಪುಟ್‌ಗಳ ಲೆಕ್ಕದಲ್ಲಿ ಅದಕ್ಕೆ ಧಾರಾಳ ಜಾಗವಿದೆ.

ಬೆಲೆಯೇ ದೊಡ್ಡ ಅಡಚಣೆಯಾದವರಿಗೆ ರಾಸ್‌ಬೆರಿ ಪೈ ಪಿಕೊ ಎಂಬ ಚಿಕ್ಕ ನಿಯಂತ್ರಕ ಬೋರ್ಡಿನ ಮೇಲೆ ಜಿಪಿ2040-ಸಿಇ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳುವ ದಾರಿಯಿದೆ. ಅದು ವೇಗವಾಗಿದೆ, ಅಗ್ಗವಾಗಿದೆ, ಬ್ರೌಸರಿನಲ್ಲೇ ಹೊಂದಿಸಬಹುದು. ಆದರೆ ಅದು ಮೂಲತಃ ಒಬ್ಬ ಆಟಗಾರನ ಕಂಟ್ರೋಲರ್ ಆಗಲು ರೂಪಿಸಿದ್ದು. ಇಬ್ಬರ ಪ್ಯಾನೆಲ್ಲಿಗೆ ಎರಡು ಪಿಕೊ ಬೇಕಾಗುತ್ತವೆ, ಗೇಮ್ ಕಂಟ್ರೋಲರ್ ಆಗಿ ಬಳಸಿದರೆ ಮೊದಲು ಹೇಳಿದ ಕ್ರಮಸಂಖ್ಯೆಯ ತೊಡಕೂ ಹಿಂದೆಯೇ ಬರುತ್ತದೆ. ಒಬ್ಬರೇ ಆಡುವ ಪೆಟ್ಟಿಗೆ ಕಟ್ಟುವವರಿಗೆ ನಾನು ಪಿಕೊವನ್ನೇ ಸಲಹೆ ಮಾಡುತ್ತೇನೆ. ಇಬ್ಬರಿಗೆ, ಅದೂ ಮೂರು ನಾಲ್ಕು ಪ್ಯಾನೆಲ್‌ಗಳೊಂದಿಗೆ ಕಟ್ಟುವವರು ಐ-ಪ್ಯಾಕ್ 2ಕ್ಕೆ ಹಣ ಕೊಡುವುದು ಸರಿ. ಬೋರ್ಡ್ ಬರುವವರೆಗೆ ಕಾಯುತ್ತ ಕೂರದೆ, ಯಾವ ಪಿನ್ನಿಗೆ ಯಾವ ಸ್ವಿಚ್ ಎಂಬ 25 ಸಾಲಿನ ಪಟ್ಟಿಯನ್ನು ಈಗಲೇ ಬರೆದು, ಅದರಂತೆಯೇ ಮೊದಲ ಪ್ಯಾನೆಲ್ಲಿನ ಕನೆಕ್ಟರನ್ನು ಬೆಸುಗೆ ಹಾಕಿಡಬಹುದು. ಮುಂದಿನ ಎಲ್ಲ ಪ್ಯಾನೆಲ್‌ಗಳೂ ಆ ಪಟ್ಟಿಯನ್ನೇ ಪಾಲಿಸಬೇಕಾಗುವುದರಿಂದ, ಅದರ ಒಂದು ಪ್ರತಿಯನ್ನು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿಡಿ.